ಸೈಲೆನ್ಸರ್ ಮುಂದಕ್ಕೆ ತಿರುಗಿಸಿದ ಗಾಡಿ

ಬೆಳಿಗ್ಗೆ ಆರು ಗಂಟೆ ನಲವತ್ತೆರಡು ನಿಮಿಷ. ಇದನ್ನು ನೆನಪಿನಿಂದ ಹೇಳುತ್ತಿಲ್ಲ, ನನ್ನ ಫೋನು ಹೇಳುತ್ತದೆ. ಆ ಹೊತ್ತಿಗೆ ಶುರುವಾದ ವಿಡಿಯೊ ಒಂದು ಅದರಲ್ಲಿದೆ. ಹತ್ತೊಂಬತ್ತು ಸೆಕೆಂಡಿನದು. ನನ್ನ ತಮ್ಮ ತಾನೇ ಕಟ್ಟಿದ ನಾಲ್ಕು ಚಕ್ರದ ಗಾಡಿಯ ಮೇಲೆ ಹಿಪ್ಪುನೇರಳೆ ಸೊಪ್ಪಿನ ಹೊರೆ ಹೇರಿಕೊಂಡು ತೋಟದ ಸಾಲಿನಿಂದ ಹೊರಗೆ ಬರುತ್ತಾನೆ. ನನ್ನ ಕಡೆ ನೋಡಿ ಹುಬ್ಬು ಹಾರಿಸುತ್ತಾನೆ. ಇಳಿಜಾರಿನ ದಾರಿಗೆ ತಿರುಗುತ್ತಾನೆ. ಹದಿನಾಲ್ಕನೇ ಸೆಕೆಂಡಿಗೆ, ದಾರಿ ಬಾಗುವ ಕಡೆ, ಅವನ ಬಲಗೈ ಆಕ್ಸಿಲರೇಟರನ್ನು ಬಿಡುತ್ತದೆ. ಇಂಜಿನ್ನಿನ ಸದ್ದು ಇಳಿಯುವುದಿಲ್ಲ. ಉಳಿದ ಐದು ಸೆಕೆಂಡಿನಲ್ಲಿ ಅವನು ಕಾಣುವುದಿಲ್ಲ. ಒಂದು ಚೂರು ಆಕಾಶ, ನನ್ನ ಚಪ್ಪಲಿ, ಮಣ್ಣು. ಸದ್ದು ಮಾತ್ರ ಹಾಗೇ ಇದೆ.

ನಮ್ಮೂರು ಶಿಡ್ಲಘಟ್ಟಕ್ಕೆ ಹತ್ತಿರ. ಮನೆಯಲ್ಲಿ ಅಮ್ಮ, ನಾನು, ನನಗಿಂತ ಮೂರು ವರ್ಷ ಚಿಕ್ಕವನಾದ ತಮ್ಮ. ನಾನು ಚಿಂತಾಮಣಿಯಲ್ಲಿ ರೇಷ್ಮೆ ಕೃಷಿ ಓದಿ, ಈಗ ಮುದ್ದೇನಹಳ್ಳಿ ಕಡೆಯ ಕಾಲೇಜೊಂದರ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತೇನೆ. ತಮ್ಮ ಕುಡುಮಲಕುಂಟೆಯ ಫ್ಯಾಕ್ಟರಿಯೊಂದರಲ್ಲಿ ವೆಲ್ಡರ್ ಆಗಿದ್ದವನು, ಅಪ್ಪ ತೀರಿಕೊಂಡ ಮೇಲೆ ಬಿಟ್ಟು ಬಂದು ತೋಟ ನೋಡಿಕೊಂಡ. ಅವನಿಗೆ ಕಬ್ಬಿಣ ಕಂಡರೆ ಕೈ ಸುಮ್ಮನಿರುವುದಿಲ್ಲ.

ನಮ್ಮ ಕಡೆಯ ಬೆಟ್ಟವೊಂದರ ಕೆಳಗೆ, ಪ್ರವಾಸಿಗರು ಮಣ್ಣಿನ ದಾರಿಯಲ್ಲಿ ಸುತ್ತು ಹೊಡೆಯಲೆಂದು ಇಟ್ಟಿರುವ ನಾಲ್ಕು ಚಕ್ರದ ಬೈಕುಗಳನ್ನು ಒಮ್ಮೆ ಅವನು ನೋಡಿದ. ಓಡಿಸಲಿಲ್ಲ. ಕೆಳಗೆ ಅಂಗಾತ ಮಲಗಿ ಫೋಟೊ ತೆಗೆಯುತ್ತಿದ್ದ.

"ಓಡ್ಸೋಕ್ ಬಂದ್ಯೋ, ಮಲ್ಗೋಕ್ ಬಂದ್ಯೋ?" ಎಂದು ಅಲ್ಲಿನವನು ಕೇಳಿದನಂತೆ.

"ಒಂದ್ ನಿಮ್ಷ ಇರಣ್ಣ, ಇದ್ರ ಹೊಟ್ಟೆ ನೋಡ್ಕೊಂಡ್ ಬರ್ತೀನಿ" ಎಂದನಂತೆ ಇವನು.

ಐದು ತಿಂಗಳಿಗೆ ನಮ್ಮ ಅಂಗಳದಲ್ಲಿ ಅಂಥದೊಂದು ಗಾಡಿ ನಿಂತಿತು. ಹಳೆಯ ಗೂಡ್ಸ್ ಆಟೋದ ಹಿಂದಿನ ಆಕ್ಸಲ್ಲು, ಚೌಕ ಪೈಪಿನ ಚಾಸಿ, ಗುಜರಿಯ ಸ್ಕೂಟರಿನ ಇಂಜಿನ್ನು. ಗೇರಿಲ್ಲದ ಇಂಜಿನ್ನನ್ನೇ ಹುಡುಕಿ ತಂದಿದ್ದ, ಅಮ್ಮನೂ ಓಡಿಸಲೆಂದು. ಗೇರಿಲ್ಲ ಎಂದರೆ ಇಂಜಿನ್ನನ್ನು ಚಕ್ರದಿಂದ ಬಿಡಿಸುವ ಕ್ಲಚ್ಚೂ ಇಲ್ಲ. ಸಾಲಿನ ನಡುವೆ ಹೋಗುವಾಗ ಸೊಪ್ಪಿನ ಕಡ್ಡಿಗಳು ಕೀಲಿಕೈಗೆ ಸಿಕ್ಕಿಕೊಂಡು ಗಾಡಿ ನಡುವೆಯೇ ಆಫ್ ಆಗುತ್ತಿತ್ತು. ಅದಕ್ಕೆ ಕೀಲಿಯನ್ನು ಹ್ಯಾಂಡಲ್ಲಿನ ಹತ್ತಿರದಿಂದ ತೆಗೆದು ಸೀಟಿನ ಕೆಳಗೆ, ಹಿಂದುಗಡೆ ಕೂರಿಸಿದ. ಒಂದೊಂದು ಬದಲಾವಣೆಗೂ ಒಂದೊಂದು ಒಳ್ಳೆಯ ಕಾರಣವಿತ್ತು. ಮೂರನೆಯ ಬದಲಾವಣೆ ನನ್ನದು.

ರೇಷ್ಮೆ ಸಾಕುವ ಹುಳು ಮನೆಗೆ ಊದುಬತ್ತಿಯ ಹೊಗೆಯನ್ನೂ ಬಿಡದ ಮನೆ ನಮ್ಮದು. ತಲೆಗೆ ಘಮಘಮ ಎಣ್ಣೆ ಹಚ್ಚಿಕೊಂಡು ಬಂದ ನೆಂಟರನ್ನು ಅಮ್ಮ ಬಾಗಿಲಲ್ಲೇ ತಡೆದು ಮಾತಾಡಿಸಿ ಕಳಿಸುತ್ತಾಳೆ. ಬೀಡಿ ಸೇದಿದ ಕೈಯಲ್ಲಿ ಸೊಪ್ಪು ಮುಟ್ಟುವಂತಿಲ್ಲ. ಇಂಥ ಮನೆಗೆ ಸೈಲೆನ್ಸರಿನ ನೇರ ಮೇಲೆ ಸೊಪ್ಪು ಹೇರಿಕೊಂಡು ಬಂದರೆ ಏನಾಗಬೇಕು? ಮೊದಲ ಬೆಳೆಯಲ್ಲೇ ನೋಡಿದೆ. ಹುಳು ಎಲೆಯ ಅಂಚಿಗೆ ಬಾಯಿ ತಂದು ತಲೆ ಎತ್ತಿಬಿಡುತ್ತಿತ್ತು. ಎಲೆ ಮೂಸಿದರೆ ಪೆಟ್ರೋಲ್ ಹೊಗೆ.

"ಸೈಲೆನ್ಸರನ್ನ ಮುಂದಕ್ಕೆ ತಿರುಗಿಸು. ಹೊಗೆ ಮುಂದಿನ ಚಕ್ರದ ಹತ್ರ ಹೋಗ್ಲಿ" ಎಂದೆ.

ಪೈಪು ಬಗ್ಗಿಸುವ ಕೆಲಸಕ್ಕೆ ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿರುವ ಮೆಕ್ಯಾನಿಕ್ ಒಬ್ಬರ ಹತ್ತಿರ ಹೋದೆವು. ವಯಸ್ಸಾದವರು. ಹಿಂದೆ ನೂಲು ಬಿಚ್ಚುವ ಯಂತ್ರಗಳ ಮೋಟಾರು ರಿಪೇರಿ ಮಾಡುತ್ತಿದ್ದವರು, ಈಗ ಯಾರು ಏನು ಕೇಳಿದರೂ ಮಾಡಿಕೊಡುತ್ತಾರೆ. ನಾವು ಅವರನ್ನು ಚಾಚಾ ಎನ್ನುತ್ತೇವೆ. ಅವರು ಗಾಡಿಯ ಸುತ್ತ ಎರಡು ಸುತ್ತು ಹಾಕಿ ಕುಕ್ಕರಗಾಲಲ್ಲಿ ಕೂತರು.

"ಮುಂದಕ್ಕೆ ತರಬೌದು ಅಮ್ಮಾ. ಆದ್ರೆ ಆಕ್ಸಿಲರೇಟರ್ ಕೇಬಲ್ಲೂ ಇದೇ ದಾರೀಲಿ ಬರ್ತದೆ. ಪೈಪು ಬೆಂಕಿ ಇದ್ದಂಗೆ. ಪಕ್ಕಪಕ್ಕಾನೇ ಸಂಸಾರ ಮಾಡ್ಬೇಕು."

"ನಡುವೆ ಎರಡು ಇಂಚು ಜಾಗ ಬಿಡಿ ಚಾಚಾ, ಸಾಕು."

"ಸಾಕಾ?"

"ಸಾಕು."

ನಾನು ಓದಿದ್ದು ಹುಳುವಿನ ವಿಷಯ. ಪೈಪಿನ ಬಿಸಿ ಎಷ್ಟು ದೂರ ಹೋಗುತ್ತದೆ ಎಂಬುದು ನನಗೆ ಗೊತ್ತಿರಲಿಲ್ಲ. ಆದರೂ ಸಾಕು ಎಂದ ನನ್ನ ದನಿ ಗಟ್ಟಿಯಾಗಿತ್ತು. ತಮ್ಮ ನನ್ನ ಮುಖ ನೋಡಿದ, ಚಾಚಾ ಅವನ ಮುಖ ನೋಡಿದರು. ಅಕ್ಕ ಓದಿದವಳು. ಪೈಪು ಬಗ್ಗಿತು. ಕೇಬಲ್ಲನ್ನು ಪ್ಲಾಸ್ಟಿಕ್ ಪಟ್ಟಿಯಿಂದ ಚಾಸಿಗೆ ಕಟ್ಟಿದರು.

ಮುಂದಿನ ಬೆಳೆಯಲ್ಲಿ ಹುಳು ಚೆನ್ನಾಗಿ ಸೊಪ್ಪು ತಿಂದಿತು. ಅದಕ್ಕೇ ಆ ಬೆಳಿಗ್ಗೆ ವಿಡಿಯೊ ತೆಗೆಯುತ್ತಿದ್ದೆ, ಚಿಂತಾಮಣಿಯಲ್ಲಿ ಜೊತೆಗೆ ಓದಿದ ಗೆಳತಿಗೆ ತೋರಿಸಲು.

ತೋಟದಿಂದ ಹುಳು ಮನೆಗೆ ಇಳಿಯುವ ದಾರಿ ಬಾಗಿನಲ್ಲಿ ಮೂರು ಕಡೆ ನೋಡುತ್ತದೆ. ನೇರ ಎದುರಿಗೆ ಹುಳು ಮನೆಯ ಬಾಗಿಲು. ಬಲಕ್ಕೆ ಪಕ್ಕದವರ ದ್ರಾಕ್ಷಿ ಚಪ್ಪರದ ಕಲ್ಲುಕಂಬಗಳು. ಎಡಕ್ಕೆ ನಮ್ಮ ಕೃಷಿ ಹೊಂಡ, ಅದರ ಸುತ್ತ ಹಸಿರು ಬಲೆಯ ಬೇಲಿ. ಆ ಹೊತ್ತಿಗೆ ಅಮ್ಮ ಬಾಗಿಲಲ್ಲಿ ಕೂತು, ಸೊಪ್ಪಿನ ಮೇಲೆ ಹೊದಿಸುವ ಗೋಣಿ ಹಾಸನ್ನು ನೀರಿನಲ್ಲಿ ನೆನೆಸುತ್ತಿದ್ದಳು. ನಾಲ್ಕನೇ ಸಲ ಪೊರೆ ಬಿಟ್ಟೆದ್ದ ಹುಳು ಎಡೆಬಿಡದೆ ತಿನ್ನುತ್ತದೆ. ಅಷ್ಟು ಸೊಪ್ಪು ಬಾಡದಂತೆ ಮುಚ್ಚಲು ದೊಡ್ಡ ಹಾಸು ಬೇಕು. ಗೋಣಿಚೀಲಗಳನ್ನು ಬಿಚ್ಚಿ ಒಂದಕ್ಕೊಂದು ಹೊಲಿದು ಅದನ್ನು ಮಾಡಿಕೊಂಡಿದ್ದೆವು.

ಗಾಡಿ ನಿಧಾನವಾಗದಿದ್ದಾಗ ತಮ್ಮ ಮೊದಲು ಬ್ರೇಕ್ ಹಿಡಿದ. ಹಿಂದಿನ ಚಕ್ರಗಳು ಮಣ್ಣಿನಲ್ಲಿ ಗೀರುತ್ತಾ ಬಂದವು, ಇಂಜಿನ್ನು ತಳ್ಳುತ್ತಲೇ ಇತ್ತು, ಹೊರೆಯೂ ಹಿಂದಿನಿಂದ ದೂಡುತ್ತಿತ್ತು. ಅವನ ಎಡಗೈ ಸೀಟಿನ ಹಿಂದಕ್ಕೆ ಹೋದದ್ದು ನನಗೆ ಕಂಡಿತು. ಕೀಲಿ ಹುಡುಕುತ್ತಿದ್ದ. ಸೊಪ್ಪಿನ ಹೊರೆ ಜಾರಿ ಕೀಲಿಯ ಮೇಲೆ ಕೂತಿತ್ತು. ಅಮ್ಮ ತಲೆ ಎತ್ತಿದಳು.

ಅವನು ಎಡಕ್ಕೆ ತಿರುಗಿಸಿದ.

ಬೇಲಿ ಹರಿದ ಸದ್ದು ನನಗೆ ನೆನಪಿಲ್ಲ. ಗಾಡಿ ಏರಿಯ ಆಚೆಗೆ ಇಳಿದು ಕಾಣದಾದದ್ದು ನೆನಪಿದೆ. ಇಂಜಿನ್ನು ಒಂದು ಕ್ಷಣ ಇನ್ನೂ ಜೋರಾಗಿ ಕೂಗಿ ಆಮೇಲೆ ನೀರು ಕುಡಿದು ನಿಂತಿತು.

ಹೊಂಡಗಳ ವಿಷಯ ಈ ಕಡೆಯವರಿಗೆ ಹೇಳಬೇಕಾಗಿಲ್ಲ. ಇಂಗದಿರಲೆಂದು ತಳದಿಂದ ಏರಿಯವರೆಗೆ ಕಪ್ಪು ಪ್ಲಾಸ್ಟಿಕ್ ಹಾಳೆ ಹಾಸಿರುತ್ತಾರೆ. ನೀರಿಗೆ ತಾಗಿದ ಕಡೆ ಪಾಚಿ. ಈಜು ಬಂದರೂ ಹತ್ತಲು ಹಿಡಿತ ಸಿಗುವುದಿಲ್ಲ. ನಾನು ಏರಿಯ ಮೇಲೆ ನಿಂತಾಗ ಗಾಡಿಯ ಹಿಂದಿನ ಒಂದು ಚಕ್ರ ಮಾತ್ರ ನೀರಿನ ಮೇಲಿತ್ತು. ಅದೂ ನೋಡನೋಡುತ್ತಾ ಜಾರಿ ಮುಳುಗಿತು. ತಮ್ಮ ಎಲ್ಲೂ ಇರಲಿಲ್ಲ.

ಆಮೇಲೆ ಬಂದ. ಸೊಪ್ಪಿನ ಒಂದು ಕಟ್ಟು ತೇಲುತ್ತಿತ್ತು, ಅದರ ಪಕ್ಕದಲ್ಲಿ ತಲೆ ಎದ್ದಿತು. ಬಲಗೈಯಿಂದ ಕಟ್ಟನ್ನು ತಬ್ಬಿದ. ಎಡಗೈ ನೀರಿನಲ್ಲಿ ಹಾಗೇ ತೂಗುತ್ತಿತ್ತು.

ಚಪ್ಪಲಿ ಬಿಟ್ಟು ಇಳಿಯಲು ಒಂದು ಕಾಲಿಟ್ಟಿದ್ದೆ. ಅಮ್ಮ ಹಿಂದಿನಿಂದ ಬಂದು ನನ್ನ ಜಡೆ ಹಿಡಿದು ಎಳೆದಳು. ಜಡೆಯನ್ನೇ.

"ಇಳಿದ್ಯೋ ಇಬ್ರನ್ನೂ ಕಳ್ಕೊಳ್ತೀನಿ."

"ಅಕ್ಕಾ, ಇಳೀಬೇಡ" ಎಂದ ಅವನೂ. ದನಿ ಸಣ್ಣಗಿತ್ತು. "ಹಗ್ಗ."

ಹಗ್ಗ ಇರಲಿಲ್ಲ. ಹೊರೆ ಕಟ್ಟಿದ್ದ ಹಗ್ಗ ಗಾಡಿಯ ಜೊತೆಗೇ ತಳದಲ್ಲಿತ್ತು. ನಾನು ತೋಟಕ್ಕೆ ಓಡಿ ಡ್ರಿಪ್ ಪೈಪು ಎಳೆದೆ. ಉದ್ದಕ್ಕೆ ಬಂತು. ತಂದು ಎಸೆದೆ, ಅವನು ಒಂದು ಕೈಯಲ್ಲಿ ಸುತ್ತಿಕೊಂಡ, ನಾನು ಎಳೆದೆ. ಎರಡು ಹೆಜ್ಜೆ ಮೇಲೆ ಬಂದ. ಪೈಪು ಜೋಡಿಸಿದ ಕಡೆ ಬಿಟ್ಟುಕೊಂಡಿತು. ನಾನು ಹಿಂದಕ್ಕೆ ಬಿದ್ದೆ. ಎದ್ದು ನೋಡುವಾಗ ಅವನು ಮತ್ತೆ ನೀರಿನಲ್ಲಿದ್ದ. ಸೊಪ್ಪಿನ ಕಟ್ಟು ನೆನೆದು ಭಾರವಾಗಿ ಅರ್ಧ ಮುಳುಗಿತ್ತು. ನೀರಿನ ಮೇಲೆ ಪೆಟ್ರೋಲ್ ಬಣ್ಣಬಣ್ಣವಾಗಿ ಹರಡುತ್ತಿತ್ತು.

"ಉಸ್ರು ಬಿಗಿಹಿಡ್ಕೋ ನಾಯನಾ" ಎನ್ನುತ್ತಾ ಅಮ್ಮ ಬರುತ್ತಿದ್ದಳು. ಹಿಂದೆ ಆ ದೊಡ್ಡ ಗೋಣಿ ಹಾಸು, ನೀರು ಸುರಿಸುತ್ತಾ, ಮಣ್ಣಿನಲ್ಲಿ ಎಳೆದುಕೊಂಡು. ಒಬ್ಬರು ಎತ್ತುವ ಭಾರವಲ್ಲ ಅದು.

ಅವಳೇ ಹೇಳಿದಳು, ಒಂದು ತುದಿಯನ್ನು ದ್ರಾಕ್ಷಿ ಚಪ್ಪರದ ಕಲ್ಲುಕಂಬಕ್ಕೆ ಕಟ್ಟು ಎಂದು. ಕಂಬದವರೆಗೆ ಉದ್ದ ಸಾಲಲಿಲ್ಲ. ಬೇಲಿಯ ಕಂಬಕ್ಕೆ ಗಂಟು ಹಾಕಿ ಅದರ ಮೇಲೆ ನಾನೂ ಕೂತೆ. ಅಮ್ಮ ಇನ್ನೊಂದು ತುದಿಯನ್ನು ಹೊಂಡಕ್ಕೆ ಬಿಟ್ಟಳು. ಒದ್ದೆ ಗೋಣಿ ಪ್ಲಾಸ್ಟಿಕ್ಕಿಗೆ ಅಂಟಿಕೊಂಡು ಮೆಟ್ಟಿಲಿನ ಹಾಗೆ ಮಲಗಿತು. ತಮ್ಮ ಅದರ ಅಂಚು ಹಿಡಿದ. ಕಾಲ್ಬೆರಳುಗಳನ್ನು ಗೋಣಿಯ ಹೊಲಿಗೆಗೆ ತೂರಿಸಿದ. ಒಂದು ಸಲ ಜಾರಿ ಎದೆಯವರೆಗೆ ಇಳಿದ. ನನ್ನ ಕೆಳಗೆ ಬೇಲಿಯ ಕಂಬ ಮಣ್ಣಿನಿಂದ ಸ್ವಲ್ಪ ಸ್ವಲ್ಪವಾಗಿ ಏಳುತ್ತಿರುವುದು ಗೊತ್ತಾಗುತ್ತಿತ್ತು. ಅದನ್ನು ಹೇಳಲಿಲ್ಲ. ಹೇಳಿದರೆ ಅವನು ಆತುರ ಮಾಡುತ್ತಾನೆ ಅನ್ನಿಸಿತು.

ಅಮ್ಮ ಏರಿಯ ಅಂಚಿನಲ್ಲಿ ಬೋರಲು ಮಲಗಿ ಅವನ ಅಂಗಿಯ ಕಾಲರ್ ಹಿಡಿದಳು.

ಎಷ್ಟು ಹೊತ್ತಾಯಿತು ಎಂದು ಯಾರೂ ನೋಡಲಿಲ್ಲ. ನನಗೆ ಅರ್ಧ ಗಂಟೆ. ಅಮ್ಮ, "ಒಂದು ಕಾಫಿ ಕುದಿಯೋವಷ್ಟು" ಎನ್ನುತ್ತಾಳೆ.

ಎಡ ಭುಜದ ಮುಂದಿನ ಮೂಳೆ ಮುರಿದಿತ್ತು. ಚಿಕ್ಕಬಳ್ಳಾಪುರದ ಆಸ್ಪತ್ರೆಯಲ್ಲಿ ಪಟ್ಟಿ ಬಿಗಿದು ಸಂಜೆಗೆ ಕಳಿಸಿದರು. ನೋಡಲು ಬಂದವರಿಗೆಲ್ಲ ಅವನು ಒಂದೇ ಮಾತು ಹೇಳಿದ, "ಬ್ರೇಕ್ ಹತ್ತಲಿಲ್ಲ. ನಂದೇ ತಪ್ಪು. ನಾನೇ ಕೂರಿಸಿದ್ದ ಬ್ರೇಕು."

ಊರಿನವರು ಅವನು ಬದುಕಿದ್ದಾನೆ ಎಂಬುದು ಖಚಿತವಾದ ಮೇಲೆ ನಗಲು ಶುರುಮಾಡಿದರು. ಪಕ್ಕದ ದ್ರಾಕ್ಷಿ ತೋಟದ ಮಾವ ಜಗಲಿಯ ಮೇಲೆ ಕೂತು, "ಏನಪ್ಪಾ, ಮುಂದಿನದು ದೋಣಿನಾ? ಹೊಂಡ ಹೆಂಗೂ ನೋಡಿದ್ದೀಯ" ಎಂದರು. ತಮ್ಮನೂ ನಕ್ಕ. ನಕ್ಕರೆ ಭುಜ ನೋಯುತ್ತಿತ್ತು. ಅವರು ಹೋದ ಮೇಲೆ ಅಮ್ಮನಿಗೆ, ವೆಲ್ಡಿಂಗ್ ಮೆಷಿನ್ ಯಾರಿಗಾದರೂ ಬೇಕಾ ಕೇಳು ಎಂದ. ಇನ್ನು ಮೇಲೆ ಕಬ್ಬಿಣ ಮುಟ್ಟುವುದಿಲ್ಲ ಎಂದ.

ನಾನು ಕೆಲಸಕ್ಕೆ ರಜೆ ಹಾಕಿ ಹುಳು ನೋಡಿಕೊಂಡೆ. ಸೊಪ್ಪು ಮತ್ತೆ ತಲೆಹೊರೆಯಲ್ಲಿ ಬಂತು. ರಾತ್ರಿ ಮಲಗಿದರೆ ಕಣ್ಣು ಹತ್ತಿದ ಕೂಡಲೇ ಮೈ ಜಾರಿದಂತಾಗಿ ಎಚ್ಚರವಾಗುತ್ತಿತ್ತು. ಆಮೇಲೆ ಫೋನು. ಹೊದಿಕೆಯೊಳಗೆ ಸದ್ದು ಸಣ್ಣದು ಮಾಡಿ ಆ ಹತ್ತೊಂಬತ್ತು ಸೆಕೆಂಡು ನೋಡುತ್ತಿದ್ದೆ. ಎರಡನೇ ರಾತ್ರಿ ಗೊತ್ತಾಯಿತು. ಬ್ರೇಕ್ ಹತ್ತದಿದ್ದರೆ ಗಾಡಿ ನಿಲ್ಲುವುದಿಲ್ಲ, ಸರಿ. ಆದರೆ ಆಕ್ಸಿಲರೇಟರ್ ಬಿಟ್ಟ ಮೇಲೆ ಇಂಜಿನ್ನಿನ ಸದ್ದು ಇಳಿಯಲೇಬೇಕಿತ್ತು. ಇಳಿದಿಲ್ಲ. ಕೈ ಬಿಟ್ಟಿದೆ, ಕೇಬಲ್ ಬಿಟ್ಟಿಲ್ಲ. ಕೇಬಲ್ ಯಾಕೆ ಹಿಡಿದುಕೊಂಡಿತು ಎಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ.

ಗೊತ್ತಾದ ಮೇಲೂ ಎಂಟು ದಿನ ಬಾಯಿ ಬಿಡಲಿಲ್ಲ. ಹುಳು ಹಣ್ಣಾಗುತ್ತಿದೆ, ಗೂಡು ಕಟ್ಟಲಿ, ಆಮೇಲೆ ಹೇಳಿದರಾಯಿತು ಎಂದುಕೊಂಡೆ. ಗೂಡು ಕಟ್ಟಿತು. ಬಿಡಿಸಿ ಮಾರುಕಟ್ಟೆಗೆ ಹಾಕಲಿ ಎಂದುಕೊಂಡೆ. ತಮ್ಮ ಎದುರಿಗೇ ಕೂತು ಒಂದು ಕೈಯಲ್ಲಿ ಗೂಡು ಆರಿಸುತ್ತಿದ್ದ. ನೆಲಕ್ಕೆ ನೋಡುತ್ತಾ, "ಡ್ರಮ್ಮಿನಲ್ಲಿ ಗ್ರೀಸ್ ಹತ್ತಿತ್ತೇನೋ ಅಕ್ಕಾ" ಎನ್ನುತ್ತಿದ್ದ. "ಇರ್ಬೌದು" ಎನ್ನುತ್ತಿದ್ದೆ. ಆ ಎಂಟು ದಿನಗಳಲ್ಲಿ ನಾನಾಡಿದ ಮಾತುಗಳಲ್ಲಿ ಅದಕ್ಕಿಂತ ಕೆಟ್ಟದ್ದು ಇನ್ನೊಂದಿಲ್ಲ.

ಹತ್ತನೇ ದಿನ ಗೂಡು ಹಾಕಲು ಶಿಡ್ಲಘಟ್ಟಕ್ಕೆ ಹೋದೆವು. ತಮ್ಮನೂ ಬಂದ, ಕೈಗೆ ಜೋಳಿಗೆ ಕಟ್ಟಿಕೊಂಡೇ. ಹರಾಜು ಮುಗಿದು ತೂಕಕ್ಕೆ ಕಾಯುವ ಹೊತ್ತಿನಲ್ಲಿ, ಅವನನ್ನು ಗೂಡಿನ ಹತ್ತಿರ ಬಿಟ್ಟು ಹಿಂದಿನ ಬೀದಿಗೆ ನಡೆದೆ. ಹೊಂಡದಿಂದ ಟ್ರ್ಯಾಕ್ಟರ್ ಕಟ್ಟಿ ಎಳೆಸಿದ ಗಾಡಿಯನ್ನು ಆಗಲೇ ಚಾಚಾನ ಅಂಗಡಿಗೆ ಸಾಗಿಸಿದ್ದರು.

ಗಾಡಿ ಒಂದು ಮೂಲೆಯಲ್ಲಿತ್ತು, ಮೇಲೆ ಚೀಲ ಮುಚ್ಚಿತ್ತು. ಚಾಚಾ ನನ್ನನ್ನು ನೋಡಿ ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟರು.

"ಕೇಬಲ್ ನೋಡ್ಬೇಕಿತ್ತು" ಎಂದೆ.

ಅವರು ಕೈ ಒರೆಸಿಕೊಂಡರು. ಮೇಲಿನ ಹಲಗೆಯಿಂದ ಒಂದು ಬಟ್ಟೆಯ ಸುರುಳಿ ತೆಗೆದರು. ಬಿಚ್ಚಿಯೇ ಇಟ್ಟಿದ್ದರು. ಕೇಬಲ್ಲಿನ ಮೇಲಿನ ಪ್ಲಾಸ್ಟಿಕ್ ಒಂದು ಗೇಣು ಉದ್ದಕ್ಕೆ ಕರಗಿ, ಒಳಗಿನ ತಂತಿಗೆ ಬೆಲ್ಲದ ಪಾಕದ ಹಾಗೆ ಹಿಡಿದುಕೊಂಡಿತ್ತು. ಕಟ್ಟಿದ ಪಟ್ಟಿ ಬಿಸಿಗೆ ಸಡಿಲವಾಗಿ ಕೇಬಲ್ ಇಳಿದು ಪೈಪಿನ ಮೇಲೇ ಮಲಗಿತ್ತಂತೆ.

"ಮೂರು ಸಾರಿ ನಿಮ್ಮೂರಿಗೆ ಅಂತ ಹೊರಟೆ ಅಮ್ಮಾ. ಬಸ್‌ಸ್ಟ್ಯಾಂಡ್ ತನಕ ಹೋಗಿ ವಾಪಸ್ ಬಂದೆ. ಪ್ಲಾಸ್ಟಿಕ್ ಪಟ್ಟಿ ಹಾಕಿದ್ದು ನಾನು. ಕಬ್ಬಿಣದ್ದು ಹಾಕ್ಬೇಕಿತ್ತು."

"ಎರಡಿಂಚು ಸಾಕು ಅಂದಿದ್ದು ನಾನು ಚಾಚಾ."

"ನೀವು ಹೇಳ್ತೀರಿ. ನಲವತ್ತು ವರ್ಷದ ಕೆಲ್ಸ ನಂದು. ನಾನು ಯಾಕೆ ಕೇಳ್ಬೇಕಿತ್ತು?"

ಕೇಬಲ್ಲನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿದರು. ಆಮೇಲೆ ಅವರು, "ಇನ್ನೊಂದಕ್ಕೂ ಪಟ್ಟಿ ಬದಲಾಯಿಸ್ಬೇಕು. ಅವ್ರ ನಂಬರ್ ನನ್ನತ್ರ ಇಲ್ಲ, ಅವ್ರೂ ಈ ಕಡೆ ಬರ್ಲಿಲ್ಲ ಇನ್ನೂ" ಎಂದರು.

"ಯಾವ ಇನ್ನೊಂದು?"

"ನಿಮ್ಮ ತಮ್ಮನ ಫ್ಯಾಕ್ಟರಿ ದೋಸ್ತ್ ಇಲ್ವಾ, ಗೌರಿಬಿದನೂರು ಕಡೆಯವನು. ನಿಮ್ಮ ಗಾಡಿ ನೋಡಿ ಅವನೂ ಒಂದು ಕಟ್ಟಿದ. ಹೂವಿಗೆ ಹೊಗೆ ಹತ್ತಬಾರ್ದು ಅಂತ ಇದೇ ಥರ ಪೈಪು ಬಗ್ಗಿಸಿಕೊಂಡು ಹೋದ. ತಿಂಗಳಾಯ್ತು."

ನನಗೆ ಗೊತ್ತೇ ಇರಲಿಲ್ಲ. ಎಂಟು ದಿನ ನಾನು ಬಾಯಿ ಮುಚ್ಚಿಕೊಂಡಿದ್ದದ್ದು ನನ್ನ ಒಂದು ತಪ್ಪಿನ ಮೇಲೆ ಎಂದುಕೊಂಡಿದ್ದೆ. ಅದೇ ತಪ್ಪು ಇನ್ನೊಂದು ಹೊಲದಲ್ಲಿ ದಿನಾ ಓಡಾಡುತ್ತಿತ್ತು. ಬ್ರೇಕ್ ಹತ್ತಲಿಲ್ಲವಂತೆ ಎಂಬ ಸುದ್ದಿ ಅವರಿಗೂ ಮುಟ್ಟಿರುತ್ತದೆ. ಅವರು ಬ್ರೇಕ್ ನೋಡಿಕೊಂಡು ನೆಮ್ಮದಿಯಾಗಿರುತ್ತಾರೆ.

ಮಾರುಕಟ್ಟೆಗೆ ಓಡಿದೆ. ತಮ್ಮನಿಗೆ ನಿಂತಲ್ಲೇ ಎಲ್ಲ ಹೇಳಿದೆ. ಗೂಡಿನ ರಾಶಿಗಳ ನಡುವೆ, ಕೂಗಾಟದ ನಡುವೆ. ವಿಡಿಯೊದ ಸದ್ದು, ಕೇಬಲ್ಲು, ಎಂಟು ದಿನ. ಅವನು ನನ್ನ ಮುಖವನ್ನು ನೋಡಿದ ರೀತಿಯನ್ನು ಬರೆಯಲು ನನಗೆ ಬರುವುದಿಲ್ಲ.

"ಫೋನ್ ಕೊಡು" ಎಂದ.

ದೋಸ್ತಿಗೆ ಮಾಡಿದ. ಎತ್ತಲಿಲ್ಲ. ಕುಡುಮಲಕುಂಟೆಯಲ್ಲಿ ಒಳಗೆ ಹೋಗುವಾಗ ಫೋನನ್ನು ಗೇಟಿನಲ್ಲೇ ಇಡಬೇಕು. ಅವನ ಹೆಂಡತಿಗೆ ಮಾಡಿದ. ರಿಂಗ್ ಆಗಿ ಆಗಿ ನಿಂತಿತು. ಮತ್ತೆ ಮಾಡಿದ.

"ಅತ್ತಿಗೆ ಹೂವು ಕೀಳ್ತಿರ್ತಾರೆ. ಫೋನ್ ಮನೇಲಿ ಬಿಟ್ಟಿರ್ತಾರೆ. ನಾಲ್ಕಕ್ಕೆ ರೋಡಿಗೆ ಟೆಂಪೋ ಬರುತ್ತೆ. ಮೂರೂವರೆಗೆ ಗಾಡಿ ಹೇರ್ತಾರೆ" ಎಂದ. ಆಗ ಒಂದೂಮುಕ್ಕಾಲು.

ಚಾಚಾನ ಹಳೆಯ ವ್ಯಾನಿನಲ್ಲಿ ಹೊರಟೆವು. ತೂಕದ ಚೀಟಿಯನ್ನು ಪರಿಚಯದವರ ಕೈಗೆ ಕೊಟ್ಟು ಬಂದಿದ್ದೆವು. ತಮ್ಮ ಮುಂದೆ, ನಾನು ಹಿಂದೆ ಸಾಮಾನಿನ ಪೆಟ್ಟಿಗೆಯ ಪಕ್ಕ. ಚಿಕ್ಕಬಳ್ಳಾಪುರ ದಾಟಿದೆವು. ಅವನು ಐದು ನಿಮಿಷಕ್ಕೊಮ್ಮೆ ಆ ಎರಡೂ ನಂಬರಿಗೆ ಕರೆ ಮಾಡುತ್ತಿದ್ದ. ನನಗೆ ಕಾಣುತ್ತಿದ್ದದ್ದು ಅವನ ಕಿವಿ ಮತ್ತು ಭುಜದ ಪಟ್ಟಿ.

ಮಂಚೇನಹಳ್ಳಿ ಹತ್ತಿರ ಬಂದಾಗ, ತಿರುಗದೆಯೇ, "ಹತ್ತು ದಿನದಿಂದ ಬ್ರೇಕ್ ಬಿಚ್ಚಿ ಜೋಡಿಸ್ತಾ ಇದ್ದೀನಿ ತಲೇಲಿ. ಎಲ್ಲಿ ತಪ್ಪಿದೆ, ಎಲ್ಲಿ ತಪ್ಪಿದೆ ಅಂತ. ನೀನು ಎದುರಿಗೇ ಕೂತಿದ್ದೆ" ಎಂದ.

"ಹೌದು."

"ಇರ್ಬೌದು ಅಂದೆ. ಗ್ರೀಸ್ ಅಂದ್ರೆ ಇರ್ಬೌದು ಅಂದೆ."

"ಹೌದು ಕಣೋ."

ಚಾಚಾ ವ್ಯಾನಿನ ವೇಗ ಇನ್ನಷ್ಟು ಜಾಸ್ತಿ ಮಾಡಿದರು. ಅದು ಅಷ್ಟು ಓಡುವ ವ್ಯಾನಲ್ಲ, ಬಾಗಿಲೆಲ್ಲ ನಡುಗುತ್ತಿತ್ತು. ದಾರಿಯಲ್ಲಿ ರಸ್ತೆ ಕೆಲಸವೆಂದು ಎದುರು ಕಡೆಯ ವಾಹನಗಳನ್ನು ಬಿಡುವವರೆಗೆ ನಿಲ್ಲಿಸಿದರು. ಹದಿನೈದು ನಿಮಿಷ. ನನಗೆ ಆ ಹೆಂಗಸಿನ ಮುಖ ಸಹ ಗೊತ್ತಿರಲಿಲ್ಲ. ಆದರೂ ಅವಳು ಗಾಡಿ ಹತ್ತುವುದು, ಹುಬ್ಬು ಹಾರಿಸುವುದು, ತಿರುವಿನಲ್ಲಿ ಕೈ ಬಿಡುವುದು ಎಲ್ಲವೂ ಕಣ್ಣೆದುರು ಬಂದು ಹೋಗುತ್ತಿತ್ತು.

ಅವರ ಹೊಲಕ್ಕೆ ಹೋಗುವ ಕಾಲುದಾರಿಯ ಬಾಯಿಗೆ ಮುಟ್ಟಿದಾಗ ಮೂರೂ ಮುಕ್ಕಾಲು. ವ್ಯಾನು ನಿಂತ ಮೇಲೆ ಆ ಸದ್ದು ಕೇಳಿಸಿತು. ಅದೇ ಜಾತಿಯ ಇಂಜಿನ್ನು. ಸೇವಂತಿಗೆ ಹೊಲದ ಆಚೆಯ ಬದುವಿನ ಮೇಲೆ, ಹಳದಿ ಹೂವಿನ ಚೀಲಗಳನ್ನು ಆಳೆತ್ತರ ಹೇರಿಕೊಂಡು ಗಾಡಿ ಬರುತ್ತಿತ್ತು. ಮೇಲೆ ಒಬ್ಬ ಹೆಂಗಸು, ತಲೆಗೆ ಟವೆಲ್ ಸುತ್ತಿಕೊಂಡವಳು. ಬದುವಿನ ಈ ಕಡೆ ಕಾಲುವೆಯ ಕಲ್ಲುಗಟ್ಟೆ. ಗಾಡಿ ಅಲ್ಲಿ ತಿರುಗಬೇಕು.

ತಮ್ಮ ಇಳಿದು ಒಂದೇ ಕೈ ಬೀಸುತ್ತಾ ಓಡಿದ. ಕೂಗಿದರೆ ಅವಳು ಗಾಬರಿಯಾಗುತ್ತಾಳೆಂದು ಕೂಗಲಿಲ್ಲ. ನಾನು ಓಡಲಿಲ್ಲ. ನಿಂತು ಕೇಳುತ್ತಿದ್ದೆ. ತಿರುವು ಬಂತು. ಅವಳ ಕೈ ಸಡಿಲವಾಯಿತು.

ಸದ್ದು ಇಳಿಯಿತು. ತಡವಾಗಿ, ಎಳೆದುಕೊಂಡು, ಆದರೆ ಇಳಿಯಿತು.

ಅವಳು ಗಾಡಿ ನಿಲ್ಲಿಸಿ, ಏದುಸಿರು ಬಿಡುತ್ತಿದ್ದ ತಮ್ಮನನ್ನು ಮೇಲಿನಿಂದ ಕೆಳಗೆ ನೋಡಿದಳು. "ಏಮಯ್ಯಾ, ಕೈ ಮುರ್ಕೊಂಡು ಓಟದ ಪಂದ್ಯಕ್ಕೆ ಬಂದಿದ್ದೀಯಾ?"

"ಕೀಲಿ ತೆಗೀರಿ ಅತ್ತಿಗೆ. ಮೊದ್ಲು ಕೀಲಿ."

ಚಾಚಾ ಬಗ್ಗಿ ಕೆಳಗೆ ನೋಡಿ ನನ್ನನ್ನು ಕರೆದರು. ಪಟ್ಟಿ ಸಡಿಲವಾಗಿತ್ತು. ಕೇಬಲ್ ಪೈಪಿಗೆ ಒಂದು ಬೆರಳಿನ ಅಂತರದಲ್ಲಿತ್ತು, ಅದರ ಮೈ ಮೆತ್ತಗಾಗಿ ಒಂದು ಕಡೆ ಚಪ್ಪಟೆಯಾಗಿತ್ತು. ಅವರು ಆಕ್ಸಿಲರೇಟರ್ ತಿರುಗಿಸಿ ಬಿಟ್ಟರು. ನಿಧಾನವಾಗಿ, ಮನಸ್ಸಿಲ್ಲದವರ ಹಾಗೆ, ಅದು ಹಿಂದಕ್ಕೆ ಬಂತು.

"ಎರಡು ದಿನದಿಂದ ಹಿಂಗೇ. ಎಣ್ಣೆ ಬಿಡ್ಬೇಕು ಅನ್ಕೊಂಡಿದ್ದೆ" ಎಂದಳು ಅವಳು.

ನಾನು ಅವಳಿಗೆ ಹೇಳಿದೆ. ಈ ಸಲ ಯಾರೂ ಕೇಳುವ ಮೊದಲೇ ಹೇಳಿದೆ, ಪೈಪನ್ನು ಮುಂದಕ್ಕೆ ತಿರುಗಿಸಲು ಹೇಳಿದವಳು ನಾನು, ಎರಡು ಇಂಚು ಸಾಕು ಎಂದವಳೂ ನಾನೇ, ಗೊತ್ತಾದ ಮೇಲೂ ಎಂಟು ದಿನ ಸುಮ್ಮನಿದ್ದೆ ಎಂದು. ಅವಳು ಕಾಲುವೆಯ ಕಲ್ಲುಗಟ್ಟೆಯನ್ನು ಒಮ್ಮೆ ನೋಡಿದಳು. ಆಮೇಲೆ ಗಾಡಿಯಡಿ ಮಲಗಿ ಪೈಪು ಬಿಚ್ಚುತ್ತಿದ್ದ ಚಾಚಾನ ಕಾಲುಗಳನ್ನು.

"ಸರಿ. ಈಗ ಇದನ್ನ ಬಿಚ್ಚಿ ಹಾಕಿದ್ರಿ. ಟೆಂಪೋ ಇನ್ನೇನು ಬರುತ್ತೆ. ಹೂವು ಯಾರು ಹೊರ್ತಾರೆ? ಈ ಒಂಟಿಕೈ ಮೈದುನನಾ?"

"ನಾನು ಹೊರ್ತೀನಿ."

"ಹೊತ್ತು ಅಭ್ಯಾಸ ಇದ್ಯಾ, ಇಲ್ಲ ಓದಿದ್ದು ಮಾತ್ರನಾ?"

ಹನ್ನೊಂದು ಚೀಲ. ಅವಳು ಆರು, ನಾನು ನಾಲ್ಕು. ಉಳಿದ ಒಂದನ್ನು ತಮ್ಮ ಒಳ್ಳೆಯ ಭುಜದ ಮೇಲಿಟ್ಟುಕೊಂಡ, ಬೇಡವೆಂದರೂ ಕೇಳಲಿಲ್ಲ. ಟೆಂಪೋದವನು ಕಾಯಿಸಿದ್ದಕ್ಕೆ ಗೊಣಗುತ್ತಿದ್ದ. ಅವಳು ಅವನಿಗೆ ತೆಲುಗಿನಲ್ಲಿ ಏನೋ ಅಂದಳು, ಅವನು ಸುಮ್ಮನಾಗಿ ಚೀಲ ಏರಿಸಿಕೊಂಡ.

ಚಾಚಾ ಸೈಲೆನ್ಸರನ್ನು ಪೂರ್ತಿ ಬಿಚ್ಚಿ, ಕೇಬಲ್ಲನ್ನೂ ಬಿಚ್ಚಿ ವ್ಯಾನಿಗೆ ಹಾಕಿಕೊಂಡರು. ಹೊಸದು ಹಾಕಿಕೊಡುವವರೆಗೆ ಗಾಡಿ ಚಾಲು ಮಾಡಲಾಗದಂತೆ ಮಾಡಿ ಹೊರಟೆವು. ದೋಸ್ತು ಸಂಜೆ ಗೇಟಿನಿಂದ ಹೊರಗೆ ಬಂದು ಹತ್ತೊಂಬತ್ತು ಮಿಸ್ಡ್ ಕಾಲ್ ನೋಡಿ ಹೆದರಿ ಫೋನು ಮಾಡಿದ. ತಮ್ಮ ಅವನೊಂದಿಗೆ ತುಂಬ ಹೊತ್ತು ಮಾತಾಡಿದ. ಕೇಬಲ್ಲನ್ನು ಎಡಗಡೆಯಿಂದ ಮೇಲೆ ತಂದರೆ ಹೇಗೆ, ಕೀಲಿಯಿಂದ ಮಣಿಕಟ್ಟಿಗೆ ಒಂದು ದಾರ ಕಟ್ಟಿ, ಬಿದ್ದರೆ ಅದೇ ಎಳೆದು ಇಂಜಿನ್ ಆರಿಸುವಂತೆ ಮಾಡಿದರೆ ಹೇಗೆ ಎಂದು. ಹತ್ತು ದಿನದಲ್ಲಿ ಅವನು ಕಬ್ಬಿಣದ ಮಾತಾಡಿದ್ದು ಅದೇ ಮೊದಲು. ನನ್ನ ಜೊತೆ ಮಾತಾಡಲಿಲ್ಲ.

ಮನೆಗೆ ಬಂದಾಗ ಅಮ್ಮ ಮುದ್ದೆ ಕಟ್ಟುತ್ತಿದ್ದಳು. ಅವಳಿಗೂ ಹೇಳಿದೆ. ಅವಳು ಕೈ ನಿಲ್ಲಿಸದೆ ಪೂರ್ತಿ ಕೇಳಿ, "ಹುಳ ತಿನ್ಲಿ ಅಂತ ತಾನೇ ಹೇಳಿದ್ದು" ಎಂದಳು. ಸ್ವಲ್ಪ ಹೊತ್ತಿನ ಮೇಲೆ, "ಎಂಟು ದಿನ ಇಟ್ಕೊಂಡಿದ್ದು ಸರಿಯಲ್ಲ" ಎಂದೂ ಸೇರಿಸಿದಳು.

ಊಟ ಮುಗಿದು ನಾನು ಚಾಪೆ ಹಾಸುವಾಗ ತಮ್ಮ ಬಾಗಿಲಲ್ಲಿ ಬಂದು ನಿಂತ. ಬೆನ್ನು ನನ್ನ ಕಡೆ ತಿರುಗಿಸಿದ.

"ಪಟ್ಟಿ ಒಳಗೆ ಕೆರೀತಾ ಇದೆ. ಕೈ ಹೋಗಲ್ಲ."

ಪಟ್ಟಿಯ ಕೆಳಗೆ ಬಾಚಣಿಗೆಯ ಹಿಡಿ ತೂರಿಸಿ ಕೆರೆದೆ. ಇನ್ನೂ ಮೇಲೆ, ಎಡಕ್ಕೆ, ಹಾಂ ಅಲ್ಲೇ, ಎಂದ. ಸಾಕು ಎಂದು ಹೇಳಿ ಹೋದ.

ಅಂದು ಬುಧವಾರ. ರಜೆ ಮುಗಿದಿತ್ತು, ಮರುದಿನ ಕೆಲಸಕ್ಕೆ ಹೋಗಬೇಕೆಂದು ಒಂಬತ್ತೂವರೆಗೇ ಮಲಗಿದೆ. ಗುರುವಾರ ಬೆಳಿಗ್ಗೆ ಕಣ್ಣು ಬಿಟ್ಟಾಗ ಬಿಸಿಲು ಗೋಡೆಯ ನಡುವಿಗೆ ಬಂದಿತ್ತು, ಮುದ್ದೇನಹಳ್ಳಿಯ ಬಸ್ಸು ಹೋಗಿ ಎಷ್ಟೋ ಹೊತ್ತಾಗಿತ್ತು. ಅಮ್ಮ ಎಬ್ಬಿಸಿರಲಿಲ್ಲ.